ಮುಂಬೈಯಲ್ಲಿ ಮೊದಲ ದಿನ: ಊರಿನಿಂದ ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದಿಂದ ಮೊದಲ ಸಲ ಮುಂಬೈಗೆ ಬರುವವರು ಹೊರಡುವ ಮುನ್ನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಇಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಿಗೆ ಬರುವ ಫೋನ್ ಕರೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಆ ಪ್ರಶ್ನೆಗಳಿಗೆ ಇಲ್ಲಿ ಬಿಡಿಸಿ ಉತ್ತರ ಬರೆದಿದ್ದೇನೆ. ಹೋಟೆಲು, ಅಂಗಡಿಗಳ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ಈ ಊರಿನ ಜನ ಯಾವ ಹೊತ್ತಿಗೆ ಯಾವ ಕಡೆಗೆ ಹರಿಯುತ್ತಾರೆ ಎಂಬುದು ಮಾತ್ರ ಹೊಸಬರಿಗೆ ತಿಳಿದಿರುವುದಿಲ್ಲ. ಅದು ತಿಳಿದರೆ ಮೊದಲ ದಿನ ಸುಗಮವಾಗುತ್ತದೆ.

ಒಂದೇ ದಿನದಲ್ಲಿ ಮುಂಬೈ ನೋಡಿ ಮುಗಿಸಬಹುದೇ?

ಆಗುವುದಿಲ್ಲ. ಆ ಪ್ರಯತ್ನವನ್ನೇ ಮಾಡಬೇಡಿ. ಬೆಳಿಗ್ಗೆ ಸಿದ್ಧಿವಿನಾಯಕ, ಮಧ್ಯಾಹ್ನ ಎಲಿಫೆಂಟಾ, ಸಂಜೆ ಜುಹು ಎಂದು ಪಟ್ಟಿ ಹಿಡಿದು ಬರುವವರು ದಿನದ ಅರ್ಧವನ್ನು ಟ್ಯಾಕ್ಸಿಯೊಳಗೆ ಬೆವರುತ್ತಾ ಕಳೆಯುತ್ತಾರೆ. ಮೊದಲ ದಿನವನ್ನು ದಕ್ಷಿಣ ಮುಂಬೈಗೆ ಮಾತ್ರ ಮೀಸಲಿಡಿ. ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ರೈಲು ನಿಲ್ದಾಣದಿಂದ ಗೇಟ್‌ವೇ ಆಫ್ ಇಂಡಿಯಾ, ಅಲ್ಲಿಂದ ಮರೀನ್ ಡ್ರೈವ್. ಇಷ್ಟು ಜಾಗವನ್ನು ಕಾಲ್ನಡಿಗೆಯಲ್ಲೇ ಸುತ್ತಬಹುದು. ಮುಂಬೈಯ ಅತ್ಯಂತ ಚೆಂದದ ಕಟ್ಟಡಗಳು, ಹಳೆಯ ಬೀದಿಗಳು, ಸಮುದ್ರ ಎಲ್ಲವೂ ಇದರೊಳಗೇ ಇವೆ.

ಜನಜಂಗುಳಿ ಯಾವ ಹೊತ್ತಿನಲ್ಲಿ ಹೆಚ್ಚು?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ನಕ್ಷೆ ತೆರೆದು ನೋಡಿದರೆ ಮುಂಬೈ ಉತ್ತರ ದಕ್ಷಿಣವಾಗಿ ಉದ್ದಕ್ಕೆ ಚಾಚಿಕೊಂಡಿರುವುದು ಕಾಣುತ್ತದೆ. ಅಗಲ ಬಹಳ ಕಡಿಮೆ. ಮನೆಗಳು ಹೆಚ್ಚಾಗಿ ಉತ್ತರದಲ್ಲಿವೆ, ಹಳೆಯ ಕಚೇರಿಗಳು ದಕ್ಷಿಣದ ತುದಿಯಲ್ಲಿವೆ. ಹಾಗಾಗಿ ಸಮುದ್ರದ ಭರತ ಇಳಿತದ ಹಾಗೆ ಜನ ಬೆಳಿಗ್ಗೆ ದಕ್ಷಿಣಕ್ಕೆ ನುಗ್ಗಿ ಸಂಜೆ ಉತ್ತರಕ್ಕೆ ಮರಳುತ್ತಾರೆ. ಬೆಳಿಗ್ಗೆ ಸುಮಾರು 8ರಿಂದ 11ರವರೆಗೆ ಚರ್ಚ್‌ಗೇಟ್ ಮತ್ತು ಸಿಎಸ್‌ಎಂಟಿ ಕಡೆಗೆ ಹೋಗುವ ರೈಲುಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಸಂಜೆ 5ರಿಂದ 9ರವರೆಗೆ ಅದೇ ನಿಲ್ದಾಣಗಳಿಂದ ಹೊರಡುವ ರೈಲುಗಳದ್ದು ಅದೇ ಪಾಡು.

ನೀವು ಅಂಧೇರಿ, ಬೊರಿವಲಿ, ಠಾಣೆ, ಡೊಂಬಿವಲಿಯಂಥ ಕಡೆ ನೆಂಟರ ಮನೆಯಲ್ಲಿ ಇಳಿದುಕೊಂಡಿದ್ದರೆ ಬೆಳಿಗ್ಗೆ 7ರೊಳಗೆ ರೈಲು ಹತ್ತಿ, ಇಲ್ಲವೇ 11 ಕಳೆದ ಮೇಲೆ ಹೊರಡಿ. ನಾನು ಹೇಳುವುದಾದರೆ 7ರೊಳಗೇ. ಬೆಳಗಿನ ಹೊತ್ತು ಫೋರ್ಟ್‌ನಲ್ಲಿ, ಅಂದರೆ ದಕ್ಷಿಣ ಮುಂಬೈಯ ಹಳೆಯ ಕಚೇರಿಗಳಿರುವ ಪ್ರದೇಶದಲ್ಲಿ, ಅಂಗಡಿಗಳ ಬಾಗಿಲು ಮುಚ್ಚಿರುತ್ತವೆ, ಬೀದಿ ಖಾಲಿ ಇರುತ್ತದೆ, ಕಟ್ಟಡಗಳನ್ನು ಕತ್ತೆತ್ತಿ ನೋಡಲು ಬಿಡುವು ಸಿಗುತ್ತದೆ. ಮರಳುವಾಗ ರಾತ್ರಿ 9ರ ತನಕ ಕಡಲ ದಂಡೆಯಲ್ಲಿ ಕುಳಿತಿದ್ದು ಬನ್ನಿ.

ನಮ್ಮ ರೈಲು ಮುಂಬೈಯ ಯಾವ ನಿಲ್ದಾಣಕ್ಕೆ ಬರುತ್ತದೆ?

ಟಿಕೆಟ್ ಸರಿಯಾಗಿ ಓದಿಕೊಳ್ಳಿ. ಮಂಗಳೂರು, ಉಡುಪಿ ಕಡೆಯಿಂದ ಕೊಂಕಣ ರೈಲ್ವೆಯಲ್ಲಿ ಬರುವ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ಗೆ ಬರುತ್ತದೆ. ಎಲ್‌ಟಿಟಿ ಎಂದು ಕರೆಯುವುದು ಇದನ್ನೇ. ಬೆಂಗಳೂರಿನ ಉದ್ಯಾನ್ ಎಕ್ಸ್‌ಪ್ರೆಸ್ ದಾದರ್ ಮೂಲಕ ಸಿಎಸ್‌ಎಂಟಿಗೆ ಹೋಗುತ್ತದೆ. ಹುಬ್ಬಳ್ಳಿ, ಬೆಳಗಾವಿ ಮಾರ್ಗದ ಕೆಲವು ರೈಲುಗಳ ಕೊನೆಯ ನಿಲ್ದಾಣ ದಾದರ್.

ಎಲ್‌ಟಿಟಿಯಲ್ಲಿ ಇಳಿದವರಿಗೆ ಹತ್ತಿರದ ಲೋಕಲ್ ನಿಲ್ದಾಣ ತಿಲಕ್ ನಗರ. ಪಶ್ಚಿಮ, ಸೆಂಟ್ರಲ್, ಹಾರ್ಬರ್ ಎಂಬ ಲೋಕಲ್ ಮಾರ್ಗಗಳಲ್ಲಿ ಅದು ಹಾರ್ಬರ್ ಮಾರ್ಗದಲ್ಲಿದೆ, ಅಲ್ಲಿಂದ ಸಿಎಸ್‌ಎಂಟಿಗೆ ನೇರ ರೈಲು ಸಿಗುತ್ತದೆ. ಬೆಳಿಗ್ಗೆ ಬೇಗ ಇಳಿದಿದ್ದು ಸಾಮಾನು ಕಡಿಮೆ ಇದ್ದರೆ ಇದೇ ಒಳ್ಳೆಯದು. ದೊಡ್ಡ ಪೆಟ್ಟಿಗೆಗಳಿದ್ದರೆ ಟ್ಯಾಕ್ಸಿ ಹಿಡಿಯಿರಿ.

ಹೆಸರಿನಿಂದ ಆಗುವ ಗೊಂದಲವೊಂದಿದೆ. ಮುಂಬೈ ಸೆಂಟ್ರಲ್ ಎಂಬ ನಿಲ್ದಾಣ ಇರುವುದು ಪಶ್ಚಿಮ ರೈಲ್ವೆಯಲ್ಲಿ, ಸೆಂಟ್ರಲ್ ರೈಲ್ವೆಯಲ್ಲಿ ಅಲ್ಲ. ಸೆಂಟ್ರಲ್ ರೈಲ್ವೆಯ ಕೊನೆಯ ನಿಲ್ದಾಣ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ಅಂದರೆ ಸಿಎಸ್‌ಎಂಟಿ. ಹಳಬರು ಇದನ್ನು ಈಗಲೂ ವಿಟಿ ಎನ್ನುತ್ತಾರೆ. ಟ್ಯಾಕ್ಸಿಯವರಿಗೂ ವಿಟಿ ಎಂದರೆ ತಟ್ಟನೆ ಅರ್ಥವಾಗುತ್ತದೆ.

ವಿಮಾನದಲ್ಲಿ ಬರುತ್ತಿದ್ದೇವೆ. ಫೋರ್ಟ್‌ಗೆ ಟ್ಯಾಕ್ಸಿ ಮಾಡಬೇಕೇ?

ಬೇಡ. ಆರೆಯಿಂದ ಕಫ್ ಪರೇಡ್‌ವರೆಗಿನ ಮೂರನೇ ಮೆಟ್ರೊ ಮಾರ್ಗ 2025ರ ಅಕ್ಟೋಬರ್‌ನಲ್ಲಿ ಪೂರ್ತಿ ತೆರೆದ ಮೇಲೆ ಈ ಪ್ರಯಾಣ ಬಹಳ ಸಲೀಸಾಗಿದೆ. ಸುಮಾರು 33 ಕಿಲೋಮೀಟರ್ ಉದ್ದದ ಈ ಮಾರ್ಗ ಬಹುತೇಕ ನೆಲದಡಿಯಲ್ಲೇ ಸಾಗುತ್ತದೆ. ವಿಮಾನ ನಿಲ್ದಾಣದ ಎರಡೂ ಟರ್ಮಿನಲ್‌ಗಳ ಬಳಿ ನಿಲ್ದಾಣಗಳಿವೆ. ಸಿಎಸ್‌ಎಂಟಿ, ಹುತಾತ್ಮ ಚೌಕ, ಚರ್ಚ್‌ಗೇಟ್, ವಿಧಾನ ಭವನ ಹೀಗೆ ನಿಮಗೆ ಬೇಕಾದ ಜಾಗಗಳ ಹತ್ತಿರವೇ ಇಳಿಸುತ್ತದೆ. ಆದರೆ ಟಿಕೆಟ್‌ನಲ್ಲಿ ನವಿ ಮುಂಬೈ ವಿಮಾನ ನಿಲ್ದಾಣ ಎಂದಿದೆಯೇ ನೋಡಿಕೊಳ್ಳಿ. ಅದು ಬೇರೆಯೇ ಜಾಗ, ಈ ಮೆಟ್ರೊ ಅಲ್ಲಿಗೆ ಹೋಗುವುದಿಲ್ಲ.

ಸಾಮಾನು ಎಲ್ಲಿಡುವುದು?

ದೊಡ್ಡ ನಿಲ್ದಾಣಗಳಲ್ಲಿ ಕ್ಲೋಕ್ ರೂಮ್ ಇದೆ. ಬ್ಯಾಗ್‌ಗೆ ಬೀಗ ಇಲ್ಲದಿದ್ದರೆ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಊರಿನಿಂದಲೇ ಸಣ್ಣ ಬೀಗವೊಂದನ್ನು ತನ್ನಿ. ಪ್ರಯಾಣದ ಟಿಕೆಟ್ ಮತ್ತು ಗುರುತಿನ ಚೀಟಿ ಕೈಯಲ್ಲಿರಲಿ.

ಲೋಕಲ್ ರೈಲು ಎಂದರೆ ಭಯವಾಗುತ್ತದೆ. ಹತ್ತದೆ ಇರಬಹುದೇ?

ಇರಬಹುದು. ಆದರೆ ಹತ್ತದಿದ್ದರೆ ಮುಂಬೈಯನ್ನು ನೋಡಿದ ಹಾಗಾಗುವುದಿಲ್ಲ ಎಂದೇ ನಾನು ಹೇಳುತ್ತೇನೆ. ಭಾರತದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಓಡಿದ್ದು ಇಲ್ಲಿಯೇ, ಬೋರಿ ಬಂದರಿನಿಂದ ಠಾಣೆಗೆ, 34 ಕಿಲೋಮೀಟರ್. ಈ ಊರು ಬೆಳೆದದ್ದೇ ಆ ಹಳಿಗಳ ಉದ್ದಕ್ಕೆ. ಮನೆಯ ವಿಳಾಸ ಹೇಳುವಾಗಲೂ ಮುಂಬೈಯವರು ಮೊದಲು ಹೇಳುವುದು ನಿಲ್ದಾಣದ ಹೆಸರನ್ನು, ಆಮೇಲೆ ಪೂರ್ವವೋ ಪಶ್ಚಿಮವೋ ಎಂಬುದನ್ನು.

ಭಯ ಸುಮ್ಮನೆ ಹುಟ್ಟಿದ್ದೇನೂ ಅಲ್ಲ. ಚಲಿಸುವ ರೈಲಿನಿಂದ ಬಿದ್ದು, ಹಳಿ ದಾಟುವಾಗ ಸಿಕ್ಕಿಕೊಂಡು ಈಚಿನ ವರ್ಷಗಳಲ್ಲಿಯೂ ವರ್ಷಕ್ಕೆ 2000ಕ್ಕಿಂತ ಹೆಚ್ಚು ಜನ ಈ ಮಾರ್ಗಗಳಲ್ಲಿ ಸತ್ತಿದ್ದಾರೆ. ಆದ್ದರಿಂದ ಮೂರು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ಹಳಿ ದಾಟಬೇಡಿ, ಮೇಲ್ಸೇತುವೆ ಎಷ್ಟೇ ದೂರ ಇದ್ದರೂ ಅದನ್ನೇ ಹತ್ತಿ. ರೈಲು ಪೂರ್ತಿ ನಿಲ್ಲುವ ಮೊದಲು ಹತ್ತಬೇಡಿ, ಇಳಿಯಬೇಡಿ. ಬಾಗಿಲಲ್ಲಿ ನಿಂತು ಗಾಳಿ ತೆಗೆದುಕೊಳ್ಳುವುದು ಬೇಡ. ಪಕ್ಕದಲ್ಲಿ ಎಳೆಯ ಹುಡುಗರು ನೇತಾಡುತ್ತಿದ್ದರೆ ಅವರನ್ನು ನೋಡಿ ಧೈರ್ಯ ತಂದುಕೊಳ್ಳಬೇಡಿ.

ಮೊದಲ ಸಲಕ್ಕೆ ಮಧ್ಯಾಹ್ನ 12ರಿಂದ 3ರ ನಡುವಿನ ಸ್ಲೋ ರೈಲು ಸೂಕ್ತ. ಆಗ ಕಿಟಕಿಯ ಪಕ್ಕದ ಸೀಟು ಸಿಗುವುದೂ ಉಂಟು.

ಫಾಸ್ಟ್, ಸ್ಲೋ ಎಂದು ತಿಳಿಯುವುದು ಹೇಗೆ?

ಪ್ಲಾಟ್‌ಫಾರ್ಮ್‌ನ ಮೇಲೆ ತೂಗುವ ಫಲಕವನ್ನು ಓದಲು ಕಲಿತರೆ ಅರ್ಧ ಮುಂಬೈ ನಿಮ್ಮದು. ಅದರಲ್ಲಿ ರೈಲು ಹೋಗುವ ಊರಿನ ಗುರುತಕ್ಷರ, ಹೊರಡುವ ಸಮಯ, ಎಫ್ ಅಥವಾ ಎಸ್ ಎಂಬ ಅಕ್ಷರ, ಇನ್ನು ಎಷ್ಟು ನಿಮಿಷಕ್ಕೆ ಬರುತ್ತದೆ ಎಂಬುದು, ಎಷ್ಟು ಬೋಗಿ ಎಂಬ ಸಂಖ್ಯೆ ಇರುತ್ತವೆ. ಎಫ್ ಎಂದರೆ ಫಾಸ್ಟ್, ದೊಡ್ಡ ನಿಲ್ದಾಣಗಳಲ್ಲಿ ಮಾತ್ರ ನಿಲ್ಲುತ್ತದೆ. ಎಸ್ ಎಂದರೆ ಸ್ಲೋ, ಎಲ್ಲ ಕಡೆ ನಿಲ್ಲುತ್ತದೆ. ಮರಾಠಿ ಘೋಷಣೆಯಲ್ಲಿ ಇವೇ ಜಲದ್ ಮತ್ತು ಧೀಮಿ. ಸಾಲುಗಳು ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಬದಲಾಗುತ್ತಿರುತ್ತವೆ, ಕಾಯ್ದು ಓದಿ. ಹನ್ನೆರಡು ಬೋಗಿಯ ರೈಲು ಹದಿನೈದು ಬೋಗಿಯ ಪ್ಲಾಟ್‌ಫಾರ್ಮ್‌ನ ತುದಿಯ ತನಕ ಬರುವುದಿಲ್ಲ, ಆದ್ದರಿಂದ ನಡುವಿನಲ್ಲಿ ನಿಲ್ಲುವುದು ಲೇಸು.

ಬೋಗಿಯೊಳಗೆ «ಪುಢೀಲ್ ಸ್ಟೇಷನ್» ಎಂದು ಮುಂದಿನ ನಿಲ್ದಾಣದ ಹೆಸರು ಕೇಳಿಬರುತ್ತದೆ. ನಿಮ್ಮ ನಿಲ್ದಾಣಕ್ಕೆ ಒಂದು ನಿಲ್ದಾಣ ಮೊದಲೇ ಎದ್ದು ಬಾಗಿಲ ಕಡೆ ಸರಿಯಿರಿ. ಮುಂದಿರುವವರನ್ನು «ದಾದರ್ ಉತರೇಂಗೆ ಕ್ಯಾ?» ಎಂದು ಕೇಳಿ. ಇಳಿಯುವವರಾದರೆ ಅವರ ಹಿಂದೆ ನಿಲ್ಲಿ, ಇಲ್ಲವಾದರೆ ಅವರೇ ದಾರಿ ಬಿಡುತ್ತಾರೆ. ಪ್ಲಾಟ್‌ಫಾರ್ಮ್ ಯಾವ ಕಡೆ ಬರುತ್ತದೆ ಎಂಬುದನ್ನೂ ಅವರೇ ಹೇಳುತ್ತಾರೆ. ನಿತ್ಯ ಓಡಾಡುವ ಈ ಜನ ಅವಸರದಲ್ಲಿ ಒರಟಾಗಿ ಕಂಡರೂ ದಾರಿ ಕೇಳಿದವರನ್ನು ನಡುನೀರಿನಲ್ಲಿ ಕೈಬಿಡುವವರಲ್ಲ.

ವಿರಾರ್ ಫಾಸ್ಟ್ ಎಂಬ ರೈಲನ್ನು ಸಂಜೆಯ ಹೊತ್ತಿನಲ್ಲಿ ದಾದರ್‌ಗೋ ಬಾಂದ್ರಾಕ್ಕೋ ಹೋಗಲು ಹತ್ತಬೇಡಿ. ಅದು ದೂರದವರ ರೈಲು. ನಡುವೆ ಇಳಿಯಲು ಜಾಗವೂ ಇರುವುದಿಲ್ಲ, ಇಳಿಯುವವರ ಮೇಲೆ ಕೋಪವೂ ಇರುತ್ತದೆ.

ಟಿಕೆಟ್ ಎಷ್ಟು? ಯಾವ ಬೋಗಿಗೆ ಹತ್ತಬೇಕು?

ಎರಡನೇ ದರ್ಜೆಯ ಕನಿಷ್ಠ ದರ 5 ರೂಪಾಯಿ. ಕಿಟಕಿಯಲ್ಲಿ, ಯಂತ್ರದಲ್ಲಿ, ರೈಲ್ವೆಯ ಮೊಬೈಲ್ ಆ್ಯಪ್‌ನಲ್ಲಿ ಟಿಕೆಟ್ ಸಿಗುತ್ತದೆ. ಮೊದಲ ದರ್ಜೆಯ ಬೋಗಿ ಹೊರಗಿನಿಂದ ಹೆಚ್ಚುಕಡಿಮೆ ಎರಡನೇ ದರ್ಜೆಯದರಂತೆಯೇ ಕಾಣುತ್ತದೆ. ಬಾಗಿಲ ಪಕ್ಕದ ಓರೆ ಪಟ್ಟೆಗಳೇ ಅದರ ಗುರುತು. ಹೊಸಬರು ತಿಳಿಯದೆ ಅದಕ್ಕೆ ಹತ್ತಿ ದಂಡ ಕಟ್ಟುವುದು ಸಾಮಾನ್ಯ. ಟಿಕೆಟ್ ಇಲ್ಲದಿದ್ದರೆ ಪ್ರಯಾಣದ ದರದ ಮೇಲೆ 250 ರೂಪಾಯಿ ದಂಡ. ಹೆಂಗಸಿನ ಚಿತ್ರ ಇರುವ ಬೋಗಿ ಮಹಿಳೆಯರದ್ದು. ಅಂಗವಿಕಲರಿಗೂ ಪ್ರತ್ಯೇಕ ಬೋಗಿ ಇದೆ. ಎಸಿ ಲೋಕಲ್‌ಗೆ ಬೇರೆಯೇ ಟಿಕೆಟ್, ದರ ಹೆಚ್ಚು, ಬಾಗಿಲು ತಾನಾಗಿ ಮುಚ್ಚುತ್ತದೆ. ವಯಸ್ಸಾದವರ ಜೊತೆ ಬರುವವರು ಎಸಿ ಲೋಕಲ್‌ನ ಸಮಯವನ್ನು ಮೊದಲೇ ನೋಡಿಟ್ಟುಕೊಳ್ಳಿ.

ಆಟೋ ಯಾಕೆ ಕಾಣಿಸುವುದೇ ಇಲ್ಲ?

ಬಾಂದ್ರಾ ಮತ್ತು ಸಯನ್ ದಾಟಿ ದಕ್ಷಿಣಕ್ಕೆ ಆಟೋಗಳಿಗೆ ಪ್ರವೇಶವಿಲ್ಲ. ದಕ್ಷಿಣ ಮುಂಬೈಯಲ್ಲಿ ಕಪ್ಪು ಹಳದಿ ಟ್ಯಾಕ್ಸಿಗಳದ್ದೇ ಕಾರುಬಾರು. 2025ರ ಫೆಬ್ರುವರಿಯಿಂದ ಟ್ಯಾಕ್ಸಿಯ ಕನಿಷ್ಠ ದರ 31 ರೂಪಾಯಿ, ಆಟೋದ್ದು 26. ಮಧ್ಯರಾತ್ರಿಯಿಂದ ಬೆಳಿಗ್ಗೆ 5ರವರೆಗೆ ಮೀಟರಿನ ಮೇಲೆ ಕಾಲುಭಾಗ ಹೆಚ್ಚು. ಬೆಂಗಳೂರಿನಿಂದ ಬಂದವರಿಗೆ ನಂಬುವುದು ಕಷ್ಟವಾಗಬಹುದು, ಆದರೆ ಇಲ್ಲಿ ಹೆಚ್ಚಿನ ಚಾಲಕರು ಏನನ್ನೂ ಕೇಳದೆ ಮೀಟರ್ ಹಾಕುತ್ತಾರೆ, ಚಿಲ್ಲರೆಯನ್ನೂ ಎಣಿಸಿ ಕೊಡುತ್ತಾರೆ. ರೈಲು ನಿಲ್ದಾಣದ ಹೊರಗೆ ಕೈಹಿಡಿದು ಎಳೆಯುವವರನ್ನು ಮಾತ್ರ ದೂರ ಇಡಿ. ನೂರು ಹೆಜ್ಜೆ ನಡೆದು ರಸ್ತೆಯಲ್ಲಿ ಓಡುತ್ತಿರುವ ಟ್ಯಾಕ್ಸಿಗೆ ಕೈ ತೋರಿಸಿ.

ಬಸ್ಸು?

ಬೆಸ್ಟ್ ಸಂಸ್ಥೆಯ ಕೆಂಪು ಬಸ್ಸುಗಳಿವೆ. ಕನಿಷ್ಠ ದರ ಸಾಮಾನ್ಯ ಬಸ್ಸಿಗೆ 10 ರೂಪಾಯಿ, ಎಸಿಗೆ 12. ಮುಂಭಾಗದಲ್ಲಿ ಸಂಖ್ಯೆ ದೇವನಾಗರಿ ಅಂಕಿಯಲ್ಲಿ ಇರುತ್ತದೆ, ಕಲಿತುಕೊಂಡು ಬನ್ನಿ. ಮಕ್ಕಳು ಜೊತೆಗಿದ್ದರೆ ಸಿಎಸ್‌ಎಂಟಿಯಿಂದ ಎನ್‌ಸಿಪಿಎ ಕಲಾಕೇಂದ್ರಕ್ಕೆ ಹೋಗುವ 115ನೇ ಸಂಖ್ಯೆಯ ಡಬ್ಬಲ್ ಡೆಕ್ಕರ್ ವಿದ್ಯುತ್ ಬಸ್ಸಿನ ಮೇಲಿನ ಅಂತಸ್ತಿನಲ್ಲಿ ಮುಂದಿನ ಸೀಟಿಗೆ ಪ್ರಯತ್ನಿಸಿ.

ನಡಿಗೆ ಎಲ್ಲಿಂದ ಶುರು ಮಾಡಬೇಕು, ಏನೇನು ನೋಡಬೇಕು?

ಸಿಎಸ್‌ಎಂಟಿಯ ಎದುರಿನಿಂದ. 1878ರಲ್ಲಿ ಕೆಲಸ ಆರಂಭವಾಗಿ ಹತ್ತು ವರ್ಷಗಳಲ್ಲಿ ಮುಗಿದ ಈ ನಿಲ್ದಾಣದ ವಿನ್ಯಾಸ ಎಫ್. ಡಬ್ಲ್ಯು. ಸ್ಟೀವನ್ಸ್ ಅವರದ್ದು. 2004ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ರಸ್ತೆಯ ಆಚೆ ಬದಿಯಿಂದ ಫೋಟೊ ತೆಗೆದು ಹೊರಟುಬಿಡಬೇಡಿ. ಹತ್ತಿರ ಹೋಗಿ ಕಲ್ಲಿನ ಮೇಲೆ ಕಣ್ಣಾಡಿಸಿ. ಪ್ರವೇಶದ ಕಂಬಗಳ ಮೇಲೆ ಒಂದು ಕಡೆ ಸಿಂಹ, ಇನ್ನೊಂದು ಕಡೆ ಹುಲಿ. ಸಿಂಹ ಬ್ರಿಟನ್ನಿನದ್ದು, ಹುಲಿ ನಮ್ಮದು. ಗೋಡೆಗಳ ಮೇಲೆ ನವಿಲು, ಕೋತಿ, ಎಲೆ, ಬಳ್ಳಿ. ಟಿಕೆಟ್ ಕೊಡುವ ಹಜಾರದಲ್ಲಿ ಸರತಿಯಲ್ಲಿ ನಿಂತವರಾರೂ ತಲೆ ಎತ್ತುವುದಿಲ್ಲ. ನೀವು ಎತ್ತಿ, ಚಾವಣಿ ನೋಡಿ. ಎದುರಿಗಿರುವ ಮಹಾನಗರ ಪಾಲಿಕೆಯ ಕಟ್ಟಡವೂ ಸ್ಟೀವನ್ಸ್ ಅವರ ಕೈಯದ್ದೇ.

ಅಲ್ಲಿಂದ ದಾದಾಭಾಯಿ ನವರೋಜಿ ರಸ್ತೆಯ ಕಮಾನುಗಳ ನೆರಳಿನಲ್ಲಿ ದಕ್ಷಿಣಕ್ಕೆ ನಡೆದರೆ ಹುತಾತ್ಮ ಚೌಕ. ಫ್ಲೋರಾ ಫೌಂಟನ್ ಎಂಬ ಕಾರಂಜಿ 1864ರದ್ದು. ಪಕ್ಕದ ಸ್ಮಾರಕ ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಪ್ರಾಣ ಕೊಟ್ಟವರದ್ದು. ಎಡಕ್ಕೆ ತಿರುಗಿದರೆ ಹಾರ್ನಿಮನ್ ವೃತ್ತದ ಉದ್ಯಾನ, ಅದರಾಚೆ 1833ರ ಟೌನ್ ಹಾಲ್‌ನ ಬಿಳಿಯ ಕಂಬಗಳು, ಅಗಲವಾದ ಮೆಟ್ಟಿಲುಗಳು. ಏಷ್ಯಾಟಿಕ್ ಸೊಸೈಟಿಯ ಗ್ರಂಥಾಲಯ ಇರುವುದು ಅಲ್ಲಿಯೇ.

ಮರಳಿ ಕಾಲಾ ಘೋಡಾ ಕಡೆ ಬನ್ನಿ. ಜಹಾಂಗೀರ್ ಆರ್ಟ್ ಗ್ಯಾಲರಿಗೆ ಪ್ರವೇಶ ಶುಲ್ಕವಿಲ್ಲ. ಎದುರಿಗೆ 1870ರ ಡೇವಿಡ್ ಸಸೂನ್ ಗ್ರಂಥಾಲಯ, ಪಕ್ಕದ ಓಣಿಯಲ್ಲಿ ನೀಲಿ ಬಣ್ಣದ ಯಹೂದಿ ಪ್ರಾರ್ಥನಾ ಮಂದಿರ. ಮೊದಲ ದಿನ ಒಂದೇ ಒಂದು ಕಟ್ಟಡದೊಳಗೆ ಹೋಗುವುದಾದರೆ ಅದು ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯವಾಗಲಿ. ಮೊದಲು ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಆಗಿದ್ದ ಇದು ಸಾರ್ವಜನಿಕರಿಗೆ ತೆರೆದದ್ದು 1922ರಲ್ಲಿ. ಬಿಸಿಲು ನೆತ್ತಿಗೇರುವ ಹೊತ್ತನ್ನು ಅದರೊಳಗೆ ಕಳೆಯಿರಿ.

ಗೇಟ್‌ವೇ ಅಲ್ಲಿಂದ ಹತ್ತು ನಿಮಿಷದ ನಡಿಗೆ. 1911ರಲ್ಲಿ ಬಂದ ಐದನೇ ಜಾರ್ಜ್ ದೊರೆಯ ಭೇಟಿಯ ನೆನಪಿಗೆ ಕಟ್ಟಿದ ಈ ಕಮಾನು ಪೂರ್ತಿಯಾದದ್ದು 1924ರಲ್ಲಿ. 1948ರ ಫೆಬ್ರುವರಿ 28ರಂದು ಬ್ರಿಟಿಷ್ ಸೇನೆಯ ಕೊನೆಯ ತುಕಡಿ ಇದೇ ಕಮಾನಿನಡಿ ನಡೆದು ಹಡಗು ಹತ್ತಿತು. ದೊರೆಯನ್ನು ಬರಮಾಡಿಕೊಂಡ ನೆನಪಿಗೆ ಕಟ್ಟಿದ ಬಾಗಿಲಿನಲ್ಲೇ ಅವರು ಹೊರಟುಹೋದರು ಎಂಬುದು ನನಗೆ ಇಂದಿಗೂ ರೋಮಾಂಚನ ತರುವ ಸಂಗತಿ.

ಮಧ್ಯಾಹ್ನ ಇಳಿದ ಮೇಲೆ ಓವಲ್ ಮೈದಾನಕ್ಕೆ ಬನ್ನಿ. ಪೂರ್ವದ ಅಂಚಿನಲ್ಲಿ ಹೈಕೋರ್ಟ್, ವಿಶ್ವವಿದ್ಯಾಲಯ, ರಾಜಾಬಾಯಿ ಗಡಿಯಾರ ಗೋಪುರ ಎಲ್ಲವೂ ಗಾಥಿಕ್ ಶೈಲಿಯ ಕಲ್ಲಿನ ಕಟ್ಟಡಗಳು. ಪಶ್ಚಿಮದ ಅಂಚಿನಲ್ಲಿ 1930ರ ದಶಕದ ಆರ್ಟ್ ಡೆಕೊ ಮನೆಗಳು, ದುಂಡಗಿನ ಬಾಲ್ಕನಿಗಳು. ಎರಡು ಕಾಲದ ಮುಂಬೈಗಳು ಎದುರುಬದುರಾಗಿ ನಿಂತಿವೆ, ನಡುವೆ ಹುಡುಗರ ಕ್ರಿಕೆಟ್. 2018ರಲ್ಲಿ ಯುನೆಸ್ಕೊ ಈ ಎರಡೂ ಸಾಲುಗಳನ್ನು ಒಟ್ಟಾಗಿ ಪಟ್ಟಿಗೆ ಸೇರಿಸಿತು. ಆ ಹೈಕೋರ್ಟ್‌ನ ಮುಂದೆ ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡದವರು ಒಂದು ನಿಮಿಷ ನಿಲ್ಲಬೇಕು. 1956ರಲ್ಲಿ ರಾಜ್ಯಗಳ ಮರುವಿಂಗಡಣೆ ಆಗುವ ತನಕ ನಿಮ್ಮ ಅಜ್ಜಂದಿರ ಕಾಲದ ಮೇಲ್ಮನವಿಗಳೆಲ್ಲ ಬಂದು ಸೇರುತ್ತಿದ್ದದ್ದು ಇಲ್ಲಿಗೇ.

ಡಬ್ಬಾವಾಲಾಗಳನ್ನು ನೋಡಲು ಸಾಧ್ಯವೇ?

ಕೆಲಸದ ದಿನವಾದರೆ ಖಂಡಿತ. ಬೆಳಿಗ್ಗೆ 11.30ರ ಸುಮಾರಿಗೆ ಚರ್ಚ್‌ಗೇಟ್ ನಿಲ್ದಾಣದ ಹೊರಗೆ ನಿಲ್ಲಿ. ಮನೆಯ ಊಟವನ್ನು ಕಚೇರಿಗಳಿಗೆ ಮುಟ್ಟಿಸುವ ಈ ಬಿಳಿ ಟೋಪಿಯವರು ಉದ್ದನೆಯ ಮರದ ತಟ್ಟೆಗಳನ್ನು ತಲೆಯ ಮೇಲೆ ಹೊತ್ತು ರೈಲಿನಿಂದ ಇಳಿದು ಬರುತ್ತಾರೆ. ಡಬ್ಬಗಳ ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದ ಅಕ್ಷರ, ಅಂಕಿ ಇರುತ್ತವೆ. ಯಾವ ನಿಲ್ದಾಣದಿಂದ ಬಂದದ್ದು, ಯಾವ ಕಟ್ಟಡದ ಎಷ್ಟನೇ ಮಹಡಿಗೆ ಹೋಗಬೇಕು ಎಂಬುದೆಲ್ಲ ಅಷ್ಟರಲ್ಲೇ ಅಡಗಿದೆ. ಫುಟ್‌ಪಾತಿನ ಮೇಲೆ ಡಬ್ಬಗಳನ್ನು ಇಳಿಸಿ, ವಿಂಗಡಿಸಿ, ಸೈಕಲ್ಲಿಗೆ ತೂಗುಹಾಕಿಕೊಂಡು ಹೊರಟುಬಿಡುತ್ತಾರೆ. 1890ರಿಂದ ನಡೆದು ಬಂದಿರುವ ವ್ಯವಸ್ಥೆ ಇದು. ಕೋವಿಡ್ ನಂತರ ಅವರ ಸಂಖ್ಯೆ ಕುಗ್ಗಿದೆ. ದೂರ ನಿಂತು ನೋಡಿ. ಫೋಟೊಕ್ಕಾಗಿ ತಡೆದು ನಿಲ್ಲಿಸಬೇಡಿ, ಯಾರದೋ ಊಟ ತಡವಾಗುತ್ತದೆ.

ಊಟ ತಿಂಡಿಗೆ ಎಲ್ಲಿಗೆ ಹೋಗುವುದು?

ಬೆಳಗಿನ ತಿಂಡಿ ಸಿಎಸ್‌ಎಂಟಿಯ ಎದುರಿಗೇ ಆಗಲಿ, ಬಿಸಿ ವಡಾಪಾವ್. ಆಲೂಗಡ್ಡೆ ವಡೆ ಎಣ್ಣೆಯಿಂದ ಆಗತಾನೆ ಎದ್ದಿರಬೇಕು. ಅದನ್ನು ಪಾವ್‌ನೊಳಗಿಟ್ಟು, ಬೆಳ್ಳುಳ್ಳಿಯ ಕೆಂಪು ಒಣಚಟ್ನಿ ಉದುರಿಸಿ, ಅಂಗೈಯಿಂದ ಒಮ್ಮೆ ಒತ್ತಿ ಕೊಡುತ್ತಾರೆ. ಜೊತೆಗೆ ಉಪ್ಪು ಸವರಿದ ಕರಿದ ಹಸಿಮೆಣಸಿನಕಾಯಿ. ತಣ್ಣಗಾದ ವಡೆ ಗುಡ್ಡೆ ಹಾಕಿಟ್ಟ ಕಡೆ ಕೊಳ್ಳಬೇಡಿ, ಜನ ಮುತ್ತಿಕೊಂಡಿರುವ ಬಂಡಿಯೇ ಒಳ್ಳೆಯದು. ಒಂದು ಕಟಿಂಗ್, ಅಂದರೆ ಅರ್ಧ ಲೋಟ ಚಹಾ ಕುಡಿದರೆ ನಡೆಯಲು ಹುಮ್ಮಸ್ಸು ಬರುತ್ತದೆ.

ಹಳೆಯ ಇರಾನಿ ಹೋಟೆಲುಗಳು ಒಂದೊಂದಾಗಿ ಮುಚ್ಚುತ್ತಿವೆ. ಮರೀನ್ ಲೈನ್ಸ್ ಹತ್ತಿರದ ಕಯಾನಿ ಇನ್ನೂ ಇದೆ, 1904ರದ್ದು. ಬೆಣ್ಣೆ ಸವರಿದ ಬನ್ ಮಸ್ಕಾವನ್ನು ಚಹಾದಲ್ಲಿ ಅದ್ದಿ ತಿನ್ನಿ. ಮಧ್ಯಾಹ್ನದ ಊಟಕ್ಕೆ ಬಲ್ಲಾರ್ಡ್ ಎಸ್ಟೇಟಿನ ಬ್ರಿಟಾನಿಯಾದಲ್ಲಿ ಪಾರ್ಸಿ ಅಡುಗೆ ಸಿಗುತ್ತದೆ.

ಅನ್ನ ಸಾರು ಇಲ್ಲದೆ ಆಗುವುದಿಲ್ಲ. ಕನ್ನಡ ಮಾತನಾಡುವವರು ಸಿಗುತ್ತಾರೆಯೇ?

ಮಾಟುಂಗಕ್ಕೆ ಹೋಗಿ. ಸೆಂಟ್ರಲ್ ಮಾರ್ಗದ ಸ್ಲೋ ರೈಲಿನಲ್ಲಿ ಮಾಟುಂಗ ನಿಲ್ದಾಣದಲ್ಲಿ ಇಳಿಯಬೇಕು. ಪಶ್ಚಿಮ ಮಾರ್ಗದಲ್ಲಿ ಬಂದರೆ ಮಾಟುಂಗ ರೋಡ್, ಹಾರ್ಬರ್‌ನಲ್ಲಿ ಬಂದರೆ ಕಿಂಗ್ಸ್ ಸರ್ಕಲ್. ಮೂರೂ ಬೇರೆ ಬೇರೆ ನಿಲ್ದಾಣಗಳು. ಸೆಂಟ್ರಲ್‌ನ ಮಾಟುಂಗ ನಿಲ್ದಾಣವನ್ನು 2017ರಿಂದ ಪೂರ್ತಿಯಾಗಿ ಮಹಿಳಾ ಸಿಬ್ಬಂದಿಯೇ ನಡೆಸುತ್ತಿದ್ದಾರೆ.

ನಿಲ್ದಾಣದ ಪಕ್ಕದಲ್ಲೇ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. 1942ರಲ್ಲಿ ಆರಂಭವಾದದ್ದು. ಬಾಳೆಲೆ ಊಟಕ್ಕೆ ಕಾಯಬೇಕಾದೀತು, ಕಾಯುವುದು ಸಾರ್ಥಕ. ಸ್ವಲ್ಪ ಮುಂದೆ ಕೆಫೆ ಮದ್ರಾಸ್, ಕೆಫೆ ಮೈಸೂರ್. ಬೀದಿಯಲ್ಲಿ ಮಲ್ಲಿಗೆ ಮಾಲೆ, ವೀಳ್ಯದೆಲೆ, ಫಿಲ್ಟರ್ ಕಾಫಿ ಪುಡಿಯ ಅಂಗಡಿಗಳು. ಇಲ್ಲಿನ ಹಲವು ಹೋಟೆಲುಗಳಿಗೆ ಸೋಮವಾರ ರಜೆ.

ಈ ಹೋಟೆಲುಗಳಿಂದಾಚೆಗೂ ಕನ್ನಡದ ಒಂದು ದೊಡ್ಡ ಬದುಕು ಇಲ್ಲಿದೆ. ಕರಾವಳಿಯಿಂದ ಬರಿಗೈಯಲ್ಲಿ ಬಂದ ಹುಡುಗರು ಹಗಲು ಹೋಟೆಲಿನಲ್ಲಿ ಲೋಟ ತೊಳೆದು ಇರುಳು ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದರು. ಅವರಲ್ಲಿ ಅನೇಕರು ಮುಂದೆ ಹೋಟೆಲು ಮಾಲೀಕರು, ವಕೀಲರು, ಲೆಕ್ಕ ಪರಿಶೋಧಕರಾದರು. ಮಾಟುಂಗದಲ್ಲಿ ಮೈಸೂರು ಅಸೋಸಿಯೇಷನ್, ಮಾಹಿಮ್‌ನಲ್ಲಿ ಕರ್ನಾಟಕ ಸಂಘ, ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗ, ಇಲ್ಲಿಂದಲೇ ಹೊರಡುವ ಕನ್ನಡ ದಿನಪತ್ರಿಕೆ «ಕರ್ನಾಟಕ ಮಲ್ಲ». ಸಂಜೆ ನಾಟಕವೋ ಉಪನ್ಯಾಸವೋ ಇದ್ದರೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳಿ. ಊರು ಯಾವುದು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

ಹಿಂದಿ ಅಷ್ಟಕ್ಕಷ್ಟೆ, ಮರಾಠಿ ಬರುವುದೇ ಇಲ್ಲ. ತೊಂದರೆಯಾದೀತೇ?

ಆಗದು. ಹರಕುಮುರುಕು ಹಿಂದಿಯಲ್ಲೇ ಈ ಊರು ನಡೆಯುತ್ತದೆ. ದಾರಿ ಕೇಳುವಾಗ ಗಂಡಸರನ್ನು ದಾದಾ ಅಥವಾ ಕಾಕಾ ಎನ್ನಿ, ಹೆಂಗಸರನ್ನು ತಾಈ (ಅಕ್ಕ) ಅಥವಾ ಮಾವಶಿ (ಚಿಕ್ಕಮ್ಮ) ಎನ್ನಿ. ಮುಖ ಅರಳುತ್ತದೆ.

ಎಲಿಫೆಂಟಾ ಗುಹೆಗಳಿಗೆ ಮೊದಲ ದಿನವೇ ಹೋಗಬಹುದೇ?

ಬೇಡ. ಗೇಟ್‌ವೇಯಿಂದ ದೋಣಿಯಲ್ಲಿ ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ, ನಡುವೆ ಮೆಟ್ಟಿಲು ಹತ್ತುವುದು. ಅರ್ಧ ದಿನ ಅದಕ್ಕೇ ಹೋಗುತ್ತದೆ. ಬಾದಾಮಿಯ ಗುಹೆಗಳನ್ನು ಕಂಡವರಿಗೆ ಅಲ್ಲಿನ ಮೂರು ಮುಖದ ಸದಾಶಿವ ಮೂರ್ತಿಯ ಮುಂದೆ ಬಹಳ ಹೊತ್ತು ಕೂರಬೇಕು ಎನಿಸುತ್ತದೆ, ಅವಸರದಲ್ಲಿ ನೋಡುವ ಜಾಗ ಅದಲ್ಲ. ಎರಡನೇ ದಿನ ಬೆಳಿಗ್ಗೆ ಹೋಗಿ. ಸೋಮವಾರ ಮುಚ್ಚಿರುತ್ತದೆ. ದೋಣಿಯಲ್ಲಿ ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ.

ಧಾರಾವಿ ನೋಡಿಕೊಂಡು ಬರೋಣವೇ?

ಜನರ ಬಡತನವನ್ನು ಕ್ಯಾಮೆರಾ ಹಿಡಿದು ನೋಡಲು ಹೋಗುವುದು ನನಗೆ ಒಪ್ಪಿಗೆಯಿಲ್ಲ. ಚರ್ಮದ ಬ್ಯಾಗು, ಬೆಲ್ಟು ಕೊಳ್ಳಬೇಕಿದ್ದರೆ ಸಯನ್ ಬದಿಯ ಮುಖ್ಯ ರಸ್ತೆಯಲ್ಲಿ ಅಂಗಡಿಗಳಿವೆ, ಗಿರಾಕಿಯಾಗಿ ಹೋಗಿ. ಕುಂಬಾರವಾಡದಲ್ಲಿ ಮಡಕೆ, ಹಣತೆ ಕೊಳ್ಳಿ. ವ್ಯಾಪಾರ ಮಾಡಿದರೆ ಮಾತೂ ತಾನಾಗಿ ಬೆಳೆಯುತ್ತದೆ.

ದೇವಸ್ಥಾನಗಳು?

ಸಿದ್ಧಿವಿನಾಯಕಕ್ಕೆ ಈಗ ಮೆಟ್ರೊ ನಿಲ್ದಾಣವೇ ಇದೆ. ಮಂಗಳವಾರ ಮಾತ್ರ ಬೇಡ, ಸಾಲು ಬಹಳ ಉದ್ದ. ಈ ಊರಿಗೆ ಹೆಸರು ಕೊಟ್ಟ ಮುಂಬಾದೇವಿಯ ಗುಡಿ ಝವೇರಿ ಬಜಾರ್ ಹತ್ತಿರ ಇದೆ. ಹಾಜಿ ಅಲಿ ದರ್ಗಾಕ್ಕೆ ಹೋಗುವ ದಾರಿ ಭರತದ ವೇಳೆ ನೀರಿನಲ್ಲಿ ಮುಳುಗುತ್ತದೆ, ಸಮಯ ನೋಡಿ ಹೊರಡಿ.

ಹೆಣ್ಣುಮಕ್ಕಳು ಒಬ್ಬರೇ ಓಡಾಡಬಹುದೇ?

ಭಾರತದ ದೊಡ್ಡ ನಗರಗಳಲ್ಲಿ ರಾತ್ರಿ ಹತ್ತರ ಮೇಲೂ ಹೆಂಗಸರು ನಿರಾಳವಾಗಿ ಓಡಾಡುವುದನ್ನು ನಾನು ಇಲ್ಲಿ ಕಂಡಷ್ಟು ಬೇರೆಲ್ಲೂ ಕಂಡಿಲ್ಲ. ಮಹಿಳೆಯರ ಬೋಗಿಯಲ್ಲಿ ಸೊಪ್ಪು ಸೋಸುವವರು, ಓದುವವರು, ಕ್ಲಿಪ್ಪು ಬಳೆ ಮಾರುವವರು, ನಾಲ್ಕನೆಯವರಿಗೂ ಸೀಟಿನಲ್ಲಿ ಜಾಗ ಮಾಡಿಕೊಡುವವರು ಎಲ್ಲರೂ ಇರುತ್ತಾರೆ. ತಡರಾತ್ರಿ ಖಾಲಿ ಬೋಗಿಗೆ ಹತ್ತಬೇಡಿ, ಜನ ಇರುವ ಬೋಗಿ ನೋಡಿ. ರೈಲಿನ ಸಹಾಯಕ್ಕೆ 139, ಯಾವುದೇ ತುರ್ತಿಗೆ 112. ಮೊಬೈಲ್ ಮತ್ತು ಪರ್ಸ್ ಮುಂದಿನ ಜೇಬಿನಲ್ಲೋ ಎದೆಗೆ ಹಾಕಿದ ಬ್ಯಾಗಿನಲ್ಲೋ ಇರಲಿ. ಈ ಕೊನೆಯ ಮಾತು ಗಂಡಸರಿಗೂ ಸೇರಿ.

ಮಳೆಗಾಲದಲ್ಲಿ ಬಂದರೆ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಕೊಡೆ ಗಾಳಿಗೆ ನಿಲ್ಲುವುದಿಲ್ಲ, ರೈನ್‌ಕೋಟ್ ತನ್ನಿ. ಜೋರು ಮಳೆಯೂ ಸಮುದ್ರದ ದೊಡ್ಡ ಭರತವೂ ಒಟ್ಟಿಗೆ ಬಂದ ದಿನ ನೀರು ಹೊರಹೋಗಲು ದಾರಿಯಿಲ್ಲದೆ ಹಿಂದ್‌ಮಾತಾ, ಸಯನ್, ಕಿಂಗ್ಸ್ ಸರ್ಕಲ್‌ನಂಥ ತಗ್ಗು ಜಾಗಗಳು ತುಂಬಿಬಿಡುತ್ತವೆ, ರೈಲು ನಿಲ್ಲುತ್ತದೆ. ಭರತದ ಸಮಯ ಪತ್ರಿಕೆಗಳಲ್ಲೇ ಬರುತ್ತದೆ. ಅಂಥ ದಿನ ಇದ್ದಲ್ಲೇ ಇರಿ. ಮರೀನ್ ಡ್ರೈವ್‌ನಲ್ಲಿ ಅಲೆ ನೋಡಲು ಕಾಂಕ್ರೀಟ್ ಕಲ್ಲುಗಳ ಮೇಲೆ ಇಳಿಯಲೇಬೇಡಿ.

ಸಂಜೆ ಎಲ್ಲಿ ಕಳೆಯುವುದು?

ಮರೀನ್ ಡ್ರೈವ್‌ನಲ್ಲಿ. ಚರ್ಚ್‌ಗೇಟ್‌ನಿಂದ ಐದು ನಿಮಿಷದ ನಡಿಗೆ. ಪಶ್ಚಿಮಕ್ಕೆ ತೆರೆದುಕೊಂಡಿರುವುದರಿಂದ ಸೂರ್ಯ ಸಮುದ್ರದಲ್ಲೇ ಮುಳುಗುತ್ತಾನೆ. ಕಟ್ಟೆಯ ಮೇಲೆ ಕುಳಿತವರಲ್ಲಿ ಬಡವ ಬಲ್ಲಿದ ಎಂಬ ಭೇದವಿಲ್ಲ, ಕುಳಿತುಕೊಳ್ಳಲು ಕಾಸು ಕೇಳುವವರಿಲ್ಲ. ಇಷ್ಟು ದುಬಾರಿ ಊರಿನಲ್ಲಿ ಇಂಥ ಜಾಗ ಎಲ್ಲರಿಗೂ ಉಳಿದಿರುವುದು ದೊಡ್ಡ ಮಾತು. ಹಸಿವಾದರೆ ಉತ್ತರಕ್ಕೆ ನಡೆದು ಗಿರ್‌ಗಾಂವ್ ಚೌಪಾಟಿಯಲ್ಲಿ ಭೇಲ್‌ಪುರಿ ತಿನ್ನಿ. ಚರ್ನಿ ರೋಡ್ ನಿಲ್ದಾಣ ಅಲ್ಲೇ ಹತ್ತಿರ, ಮರಳಿ ಚರ್ಚ್‌ಗೇಟ್‌ಗೆ ನಡೆಯಬೇಕಾಗಿಲ್ಲ.

ನಾವು ಬರುವುದು ಭಾನುವಾರ. ಏನಾದರೂ ಬದಲಾಗುತ್ತದೆಯೇ?

ಬಹಳ ಬದಲಾಗುತ್ತದೆ. ಕಚೇರಿಗಳಿಗೆ ರಜೆ ಇರುವುದರಿಂದ ಫೋರ್ಟ್ ಬೀದಿಗಳು ಖಾಲಿ, ನಡೆಯಲು ಭಾನುವಾರದಷ್ಟು ಒಳ್ಳೆಯ ದಿನ ಇಲ್ಲ. ಡಬ್ಬಾವಾಲಾಗಳು ಇರುವುದಿಲ್ಲ. ಗೇಟ್‌ವೇಯಲ್ಲಿ ಮಾತ್ರ ಜಾತ್ರೆ ಸೇರಿರುತ್ತದೆ, ಬೆಳಿಗ್ಗೆಯೇ ನೋಡಿ ಮುಗಿಸಿ. ಮುಖ್ಯವಾಗಿ, ಹಳಿ ದುರಸ್ತಿಗಾಗಿ ಭಾನುವಾರ ಹಗಲು ಕೆಲವು ಗಂಟೆ ಕೆಲವು ಮಾರ್ಗಗಳಲ್ಲಿ ಮೆಗಾ ಬ್ಲಾಕ್ ಇರುತ್ತದೆ. ಆಗ ಫಾಸ್ಟ್ ರೈಲುಗಳು ಸ್ಲೋ ಹಳಿಗೆ ತಿರುಗುತ್ತವೆ, ಕೆಲವು ರದ್ದಾಗುತ್ತವೆ. ಹಾರ್ಬರ್ ಮಾರ್ಗದಲ್ಲಿ ಕೆಲವೊಮ್ಮೆ ನಡುಭಾಗದ ಓಡಾಟವೇ ನಿಲ್ಲುತ್ತದೆ. ಯಾವ ಮಾರ್ಗ, ಯಾವ ಸಮಯ ಎಂಬುದು ಶನಿವಾರದ ಹೊತ್ತಿಗೆ ಪ್ರಕಟವಾಗಿರುತ್ತದೆ. ಊರಿಗೆ ಮರಳುವ ರೈಲು ಎಲ್‌ಟಿಟಿಯಿಂದ ಭಾನುವಾರ ಮಧ್ಯಾಹ್ನ ಇದ್ದರೆ ಆ ಪ್ರಕಟಣೆಯನ್ನು ಓದಿಯೇ ಹೊರಡಿ. ತಿಲಕ್ ನಗರದ ಲೋಕಲ್ ನಂಬಿಕೊಳ್ಳದೆ ಎರಡು ಗಂಟೆ ಮೊದಲೇ ಟ್ಯಾಕ್ಸಿ ಹಿಡಿಯಿರಿ.